ಕಾಫಿ ಸೀಮೆಯಲ್ಲಿ ಧ್ಯಾನ: ಕೂರುವ ಬಗೆ ಮತ್ತು ಮಿದುಳಿನಲ್ಲಿ ನಡೆಯುವುದು

ಹಾಸನ, ಸಕಲೇಶಪುರ, ಬೇಲೂರು ಕಡೆಯವರು ಧ್ಯಾನವನ್ನು ರೂಢಿಸಿಕೊಳ್ಳಬೇಕೆಂದಿದ್ದರೆ ಆಸನಕ್ಕಿಂತ ಮೊದಲು ತಮ್ಮ ಕಾಫಿಯ ವೇಳೆಯನ್ನು ನೋಡಿಕೊಳ್ಳುವುದು ಒಳ್ಳೆಯದು. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಹೆಚ್ಚುತ್ತ ಹೋಗಿ ದಣಿವಿನ ಸೂಚನೆಯನ್ನು ಕೊಡುತ್ತದೆ. ಕೆಫೀನ್ ಆ ಸೂಚನೆಯನ್ನು ಸ್ವೀಕರಿಸಬೇಕಾದ ಜಾಗಗಳಲ್ಲಿ ತಾನೇ ಹೋಗಿ ಕೂತು ಅದನ್ನು ತಡೆಯುತ್ತದೆ. ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಇಳಿಯಲು ವಯಸ್ಕರಲ್ಲಿ ಸುಮಾರು 5 ಗಂಟೆ ಬೇಕಾಗುವುದರಿಂದ, ಸಂಜೆ ನಾಲ್ಕಕ್ಕೆ ಗಟ್ಟಿ ಡಿಕಾಕ್ಷನ್ ಕುಡಿದು ಆರಕ್ಕೆ ಧ್ಯಾನಕ್ಕೆ ಕೂತವರು ಮನಸ್ಸು ನಿಲ್ಲುತ್ತಿಲ್ಲವೆಂದು ತಮ್ಮನ್ನೇ ದೂರಿಕೊಳ್ಳಬೇಕಾಗಿಲ್ಲ. ಬೆಳಿಗ್ಗೆ ಮುಖ ತೊಳೆದು, ಮೊದಲ ಲೋಟ ಕಾಫಿಗೆ ಮುಂಚೆ ಕೂರುವುದು ಹೆಚ್ಚಿನವರಿಗೆ ಹೊಂದುತ್ತದೆ.

ಕೂರುವುದಕ್ಕೆ ಪದ್ಮಾಸನವೇ ಆಗಬೇಕೆಂದಿಲ್ಲ. ನೆಲಕ್ಕೆ ಚಾಪೆ ಹಾಸಿ, ಚಳಿಗಾಲವಾದರೆ ಅದರ ಮೇಲೊಂದು ಕಂಬಳಿ ಮಡಿಸಿಟ್ಟು, ಬೆನ್ನು ನೆಟ್ಟಗಿರುವಂತೆ ಕೂತರೆ ಸಾಕು. ಮಂಡಿನೋವಿದ್ದವರು ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೆ ಊರಿ ಕೂರಬಹುದು. ನಿಂತು ಧ್ಯಾನಿಸುವ ಪದ್ಧತಿ ನಮ್ಮ ಜಿಲ್ಲೆಗೆ ಹೊಸದೂ ಅಲ್ಲ: 981ರ ಸುಮಾರಿಗೆ ಚಾವುಂಡರಾಯ ಕೆತ್ತಿಸಿದ ಶ್ರವಣಬೆಳಗೊಳದ ಬಾಹುಬಲಿ ನಿಂತಿರುವುದು ಕಾಯೋತ್ಸರ್ಗದಲ್ಲಿ, ಅಂದರೆ ಕಾಲಿಗೆ ಬಳ್ಳಿ ಹಬ್ಬಿದರೂ ಕದಲದ ಧ್ಯಾನದ ಭಂಗಿಯಲ್ಲಿ. ತೂಕಡಿಕೆ ಹೆಚ್ಚಾಗಿರುವವರು ಕೆಲವು ನಿಮಿಷ ಹಾಗೆ ನಿಂತು ಅಭ್ಯಾಸ ಮಾಡಿ, ಆಮೇಲೆ ಕೂರಬಹುದು.

ಮೊದಲ ಕೆಲಸ ಉಸಿರನ್ನು ನಿಧಾನಗೊಳಿಸುವುದು. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರನ್ನು ಒಳಗೆಳೆದುಕೊಂಡು, ಆರು ಎಣಿಸುವಷ್ಟು ಹೊತ್ತು ಹೊರಬಿಟ್ಟರೆ ನಿಮಿಷಕ್ಕೆ ಹೆಚ್ಚುಕಡಿಮೆ ಆರು ಉಸಿರಾಗುತ್ತವೆ. ಹೊರಬಿಡುವ ಹೊತ್ತನ್ನು ಉದ್ದ ಮಾಡುವುದಕ್ಕೆ ಕಾರಣವಿದೆ. ಉಸಿರು ಒಳಗೆ ಹೋಗುವಾಗ ಹೃದಯದ ಬಡಿತ ತುಸು ವೇಗವಾಗುತ್ತದೆ, ಹೊರಗೆ ಬರುವಾಗ ವೇಗಸ್ ನರದ ಹಿಡಿತ ಬಲವಾಗಿ ಬಡಿತ ನಿಧಾನವಾಗುತ್ತದೆ. ಈ ನರ ಮಿದುಳಿನ ಬುಡದಿಂದ ಹೊರಟು ಹೃದಯ, ಶ್ವಾಸಕೋಶ, ಜಠರಗಳವರೆಗೆ ಇಳಿದು, ದೇಹವನ್ನು ವಿಶ್ರಾಂತಿಯ ಕಡೆಗೆ ಒಯ್ಯುವ ಪ್ಯಾರಾಸಿಂಪಥೆಟಿಕ್ ವ್ಯವಸ್ಥೆಯ ಮುಖ್ಯ ದಾರಿಯಾಗಿರುವುದರಿಂದ, ಉಸಿರಿನ ಮೂಲಕ ನಾವು ನೇರವಾಗಿ ಅಪ್ಪಣೆ ಕೊಡಲಾಗದ ಅಂಗಗಳನ್ನೂ ಸ್ವಲ್ಪಮಟ್ಟಿಗೆ ಶಾಂತಗೊಳಿಸಬಹುದು. ಹೃದ್ರೋಗ, ಅಧಿಕ ರಕ್ತದೊತ್ತಡ ಇರುವವರು ಮತ್ತು ಗರ್ಭಿಣಿಯರು ಉಸಿರನ್ನು ಬಿಗಿಹಿಡಿಯುವ ಅಭ್ಯಾಸಗಳಿಗೆ ಕೈಹಾಕಬಾರದು.

ಎರಡು ಮೂರು ನಿಮಿಷ ಹೀಗೆ ಮಾಡಿದ ಮೇಲೆ ಉಸಿರನ್ನು ಅದರ ಪಾಡಿಗೆ ಬಿಟ್ಟು, ಮೂಗಿನ ತುದಿಯಲ್ಲಿ ಗಾಳಿ ತಾಕುವ ಜಾಗವನ್ನು ಗಮನಿಸುತ್ತ, ಹೊರಬಿಟ್ಟ ಉಸಿರುಗಳನ್ನು ಒಂದರಿಂದ ಹತ್ತರವರೆಗೆ ಎಣಿಸಬೇಕು. ನಾಲ್ಕೈದು ಎಣಿಸುವಷ್ಟರಲ್ಲಿ ಮನಸ್ಸು ತೋಟದ ಆಳಿನ ಕೂಲಿಗೋ ಮಗಳ ಪರೀಕ್ಷೆಗೋ ಹೊರಟುಹೋಗಿರುತ್ತದೆ. ಹೋದದ್ದು ಗೊತ್ತಾದ ಕೂಡಲೇ, ಬೇಲಿ ಹಾರಿದ ಕರುವನ್ನು ಬಡಿಯದೆ ಹಿಡಿದು ತರುವಂತೆ, ಅದನ್ನು ಮತ್ತೆ ಒಂದಕ್ಕೆ ತಂದು ನಿಲ್ಲಿಸಬೇಕು. ನನ್ನ ಅಭಿಪ್ರಾಯದಲ್ಲಿ ಧ್ಯಾನದ ಅಭ್ಯಾಸವೆಂದರೆ ಹೀಗೆ ಮರಳಿ ತರುವುದೇ. ಒಂದೂ ಆಲೋಚನೆ ಬಾರದ ಸ್ಥಿತಿಗಾಗಿ ಕಾದು ಕೂತವರು ಬೇಗ ಬೇಸತ್ತು ಬಿಡುತ್ತಾರೆ.

ಮನಸ್ಸು ಹೀಗೆ ಅಲೆಯುವುದಕ್ಕೆ ಮಿದುಳಿನಲ್ಲೇ ಒಂದು ಜಾಲವಿದೆ. ನಾವು ಯಾವ ಕೆಲಸದಲ್ಲೂ ತೊಡಗದೆ ಸುಮ್ಮನಿರುವಾಗ, ಹಳೆಯದನ್ನು ನೆನೆಯುತ್ತ ನಮ್ಮ ಬಗ್ಗೆಯೇ ಯೋಚಿಸುವಾಗ ಚುರುಕಾಗುವ ಕೆಲವು ಭಾಗಗಳನ್ನು ಅಮೆರಿಕದ ನರವಿಜ್ಞಾನಿ ಮಾರ್ಕಸ್ ರೇಕಲ್ ಮತ್ತು ಸಹೋದ್ಯೋಗಿಗಳು 2001ರಲ್ಲಿ ವಿವರಿಸಿದರು. ಈಗ ಅದನ್ನು ಡಿಫಾಲ್ಟ್ ಮೋಡ್ ನೆಟ್‌ವರ್ಕ್ ಎನ್ನುತ್ತಾರೆ. ಬಹುಕಾಲದ ಅಭ್ಯಾಸವಿದ್ದವರು ಧ್ಯಾನದಲ್ಲಿರುವಾಗ ಈ ಜಾಲದ ಮುಖ್ಯ ಭಾಗಗಳು ಹೊಸಬರಿಗಿಂತ ಕಡಿಮೆ ಚಟುವಟಿಕೆ ತೋರುವುದು 2011ರ ಸ್ಕ್ಯಾನ್ ಅಧ್ಯಯನವೊಂದರಲ್ಲಿ ಕಂಡುಬಂತು.

ಮಿದುಳಿನ ಅಲೆಗಳ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಮೊದಲ ಬಾರಿಗೆ ದಾಖಲಿಸಿ 1929ರಲ್ಲಿ ಪ್ರಕಟಿಸಿದಾಗಲೇ, ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಆಲ್ಫಾ ಅಲೆಗಳನ್ನು ಗುರುತಿಸಿದ್ದರು. ಈ ಅಲೆ ಬರೀ ಕಣ್ಣು ಮುಚ್ಚಿದರೂ ಹೆಚ್ಚುತ್ತದೆ. ಆದ್ದರಿಂದ ಹಣೆಗೆ ಪಟ್ಟಿ ಕಟ್ಟಿ ‘ನಿಮ್ಮ ಆಲ್ಫಾ ಏರಿತು’ ಎಂದು ಮೊಬೈಲಿನಲ್ಲಿ ತೋರಿಸುವ ಸಾಧನಗಳಿಗೆ ದುಡ್ಡು ಸುರಿಯುವ ಮುನ್ನ ಯೋಚಿಸಬೇಕು. ಹೊರಗಿನ ಪ್ರಚೋದನೆಗೆ ಆಲ್ಫಾ ಅಲೆ ಕದಡದಿರುವುದು ಹೆಚ್ಚು ಕುತೂಹಲದ ಸಂಗತಿ: ದೆಹಲಿಯ ಏಮ್ಸ್ ಸಂಸ್ಥೆಯ ಸಂಶೋಧಕರು 1961ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಳಕು ಮತ್ತು ಸದ್ದುಗಳ ನಡುವೆಯೂ ಧ್ಯಾನಸ್ಥ ಯೋಗಿಗಳ ಆಲ್ಫಾ ಅಲೆ ಹಾಗೆಯೇ ಉಳಿದಿತ್ತು, ಆದರೆ ಪರೀಕ್ಷೆಗೆ ಕೂತಿದ್ದವರು ಬೆರಳೆಣಿಕೆಯಷ್ಟು ಜನ.

ಎಣಿಕೆ ಒಗ್ಗದವರು ಓಂಕಾರವನ್ನು ದೀರ್ಘವಾಗಿ ಉಚ್ಚರಿಸಬಹುದು. ಅದರಲ್ಲಿ ಉಸಿರು ತಾನಾಗಿಯೇ ಉದ್ದವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಸಣ್ಣ ಪ್ರಾಥಮಿಕ ಅಧ್ಯಯನದಲ್ಲಿ, ಓಂಕಾರದ ವೇಳೆ ಭಯದಂಥ ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲವೂ ಸೇರಿದಂತೆ ಕೆಲವು ಭಾಗಗಳ ಚಟುವಟಿಕೆ ಇಳಿದಿತ್ತು. ಹೋಲಿಕೆಗಾಗಿ ‘ಸ್’ ಎಂದು ದೀರ್ಘವಾಗಿ ಉಚ್ಚರಿಸಿದಾಗ ಹಾಗಾಗಲಿಲ್ಲ.

ಶುರುವಿನಲ್ಲಿ ದಿನಕ್ಕೆ ಹತ್ತು ನಿಮಿಷ ಸಾಕು. ಅಮೆರಿಕದಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ಆರಂಭಿಸಿದ, ಈಗ ಹಲವು ಆಸ್ಪತ್ರೆಗಳಲ್ಲಿ ನಡೆಯುವ ಧ್ಯಾನ ಶಿಬಿರದ ಅವಧಿ ಎಂಟು ವಾರ. ಮನೆಯ ಅಭ್ಯಾಸಕ್ಕೂ ಅಷ್ಟು ಕಾಲ ಕೊಟ್ಟು ನೋಡುವುದು ನ್ಯಾಯ. ಎಂಟು ವಾರದಲ್ಲಿ ಮಿದುಳಿನ ಆಕಾರವೇ ಬದಲಾಗುತ್ತದೆಂಬ ಜಾಹೀರಾತಿನ ಮಾತನ್ನು ಮಾತ್ರ ನಂಬಬೇಕಾಗಿಲ್ಲ. ಹಿಂದಿನ ಕೆಲವು ಸಣ್ಣ ಅಧ್ಯಯನಗಳು ಹಾಗೆಂದಿದ್ದರೂ, 2022ರಲ್ಲಿ ಪ್ರಕಟವಾದ, ಹೆಚ್ಚು ಜನರನ್ನು ಒಳಗೊಂಡ ಅಧ್ಯಯನಕ್ಕೆ ಅಂಥ ಬದಲಾವಣೆ ಸಿಗಲಿಲ್ಲ. ಭುಜ ಸಡಿಲವಾಯಿತೇ, ರಾತ್ರಿ ನಿದ್ದೆ ಬೇಗ ಬಂದಿತೇ, ಸಿಟ್ಟು ಏರುತ್ತಿರುವುದು ಮೊದಲೇ ಗೊತ್ತಾಯಿತೇ ಎಂಬುದನ್ನು ಗಮನಿಸಿದರೆ ಸಾಕು.

ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಗಿನ ಹೊತ್ತು ಸಿಗದಿದ್ದರೆ, ರಾತ್ರಿ ಊಟವಾಗಿ ಒಂದೆರಡು ಗಂಟೆಯ ನಂತರ ಐದು ನಿಮಿಷ ಉದ್ದ ಉಸಿರಿನ ಭಾಗವನ್ನಷ್ಟೇ ಮಾಡಿದರೂ ರೂಢಿ ತಪ್ಪುವುದಿಲ್ಲ. ಕೆಲವರಿಗೆ ಕಣ್ಣು ಮುಚ್ಚಿ ಕೂತಾಗ ದಿಗಿಲು ಹೆಚ್ಚುವುದುಂಟು; ಅಂಥವರು ಕಣ್ಣು ತೆರೆದು, ಪಾದ ನೆಲಕ್ಕೆ ತಾಕಿರುವುದನ್ನು ಗಮನಿಸುತ್ತ, ಅವಧಿಯನ್ನು ಎರಡು ನಿಮಿಷಕ್ಕೆ ಇಳಿಸಬೇಕು, ಆಗಲೂ ತಗ್ಗದಿದ್ದರೆ ನಿಲ್ಲಿಸಬೇಕು. ಖಿನ್ನತೆಗೋ ರಕ್ತದೊತ್ತಡಕ್ಕೋ ಮಾತ್ರೆ ತೆಗೆದುಕೊಳ್ಳುತ್ತಿರುವವರು ಧ್ಯಾನ ಹಿಡಿಸಿತೆಂದು ಮಾತ್ರೆಯನ್ನು ತಾವಾಗಿಯೇ ಬಿಡದೆ, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಈ ಅಭ್ಯಾಸದ ವಿಷಯವನ್ನು ತಿಳಿಸಬೇಕು.