ಕೋಡ್ ಫ್ರೀ, ಇನ್‌ಸ್ಟಾಲರ್‌ಗೆ ದುಡ್ಡು

ನಾನೊಂದು ರಿವರ್ಬ್ ಪ್ಲಗಿನ್ ಬರೆದಿದ್ದೇನೆ, ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಸೇರಿಸಿಕೊಂಡು ಧ್ವನಿಗೆ ಅನುರಣನ ಕೊಡುವ ಪುಟ್ಟ ಪ್ರೋಗ್ರಾಂ. ಅದರ ಸೋರ್ಸ್ ಕೋಡ್ ಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸ್‌ನಲ್ಲಿದೆ. ಯಾರು ಬೇಕಾದರೂ ತಗೊಳ್ಳಬಹುದು, ತಿದ್ದಬಹುದು, ಹಂಚಬಹುದು. ಆದರೆ ರೆಡಿ ಇನ್‌ಸ್ಟಾಲರ್ ಬೇಕೆಂದರೆ ದುಡ್ಡು ಕೊಡಬೇಕು. 'ಓಪನ್ ಸೋರ್ಸ್ ಅಂದ್ಮೇಲೆ ಪುಕ್ಕಟೆ ಅಲ್ವಾ?' ಎಂದು ಕೇಳುವವರು ಈಗಲೂ ಇದ್ದಾರೆ. ಜಿಪಿಎಲ್ ಮಾರಾಟಕ್ಕೆ ಅಡ್ಡ ಬರುವುದಿಲ್ಲ. ಕೊಂಡವರಿಗೆ ಸೋರ್ಸ್ ಸಿಗಬೇಕು, ಅವರು ಮತ್ತೊಬ್ಬರಿಗೆ ಹಂಚಿದರೆ ತಡೆಯಬಾರದು, ಅಷ್ಟೇ.

ಈ ದಾರಿ ನಾನು ಕಂಡುಹಿಡಿದದ್ದಲ್ಲ. ಪಾಲ್ ಡೇವಿಸ್ ಶುರು ಮಾಡಿದ 'ಆರ್ಡರ್' (Ardour) ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ವರ್ಷಗಳಿಂದ ಹೀಗೇ ನಡೆಯುತ್ತಿದೆ. ಅದನ್ನು ನೋಡಿಯೇ ನನಗೂ ಧೈರ್ಯ ಬಂತು.

ಅದಕ್ಕೂ ಮುಂಚೆ ಬರೀ ಡೊನೇಷನ್ ಬಟನ್ ಇತ್ತು. ಹೊಸ ಫೀಚರ್ ಬಂದಾಗ ನಾಲ್ಕು ಜನ ಕೊಡುತ್ತಿದ್ದರು. ಬಗ್ ಸರಿಪಡಿಸುವುದರಲ್ಲೇ ತಿಂಗಳು ಕಳೆದುಹೋದಾಗ ಯಾರೂ ಆ ಕಡೆ ತಿರುಗಿ ನೋಡುತ್ತಿರಲಿಲ್ಲ. ಖರ್ಚಿಗೆ ಮಾತ್ರ ರಜೆ ಇಲ್ಲ. ಆಪಲ್‌ನ ಡೆವಲಪರ್ ಸದಸ್ಯತ್ವಕ್ಕೇ ವರ್ಷಕ್ಕೆ 99 ಡಾಲರ್. ಅದಿಲ್ಲದಿದ್ದರೆ ಪ್ಲಗಿನ್‌ಗೆ ಆಪಲ್ ಒಪ್ಪುವ ಡಿಜಿಟಲ್ ಸಹಿ ಹಾಕಲಾಗದು, ಮ್ಯಾಕ್ ಅದನ್ನು ಅನುಮಾನದಿಂದಲೇ ನೋಡುತ್ತದೆ. ವಿಂಡೋಸ್‌ನಲ್ಲಿ ಇಂಥದೇ ಸಹಿಗೆ ಬೇಕಾದ ಸರ್ಟಿಫಿಕೇಟ್ ಖರ್ಚು ಬೇರೆ. ಆಪರೇಟಿಂಗ್ ಸಿಸ್ಟಂ ಬದಲಾದಾಗೆಲ್ಲ ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕು. ಕೋಡ್ ಬರೆಯುವುದು ಖುಷಿಯ ಕೆಲಸ. ಈ ಸಹಿ, ಪರೀಕ್ಷೆಗಳ ಕೆಲಸಕ್ಕೆ ಖುಷಿಯಿಂದ ಯಾರೂ ಕೂರುವುದಿಲ್ಲ. ಅದಕ್ಕೇ ಬೆಲೆ ಇಟ್ಟದ್ದು ಇದರ ಮೇಲೆ.

ಯಾರೋ ಒಬ್ಬರು ನನ್ನ ಕೋಡ್‌ನಿಂದಲೇ ಇನ್‌ಸ್ಟಾಲರ್ ಮಾಡಿ ಪುಕ್ಕಟೆ ಹಂಚಿದರು. ಹಂಚಲಿ, ಅದು ಅವರ ಹಕ್ಕು. ನನ್ನ ಮಾರಾಟಕ್ಕೇನೂ ಪೆಟ್ಟು ಬೀಳಲಿಲ್ಲ. ತೊಂದರೆ ಬಂದಾಗ ಉತ್ತರ ಕೊಡುವವರು ಬೇಕು ಎನ್ನುವವರು ನನ್ನ ಹತ್ತಿರವೇ ಬಂದರು.

ಮುಂದೇನು ಎಂಬ ಮಾತು ಬಂದರೆ ಎಲ್ಲರೂ ಆಡಾಸಿಟಿ ಎಂಬ ಓಪನ್ ಸೋರ್ಸ್ ಆಡಿಯೋ ಎಡಿಟರ್‌ನ ಕಥೆ ತೆಗೆಯುತ್ತಾರೆ. 2021ರಲ್ಲಿ ಅದು ಮ್ಯೂಸ್ ಗ್ರೂಪ್ ಎಂಬ ಕಂಪನಿಯ ಕೈಗೆ ಹೋಯಿತು. ಬಳಕೆಯ ಮಾಹಿತಿ ಸಂಗ್ರಹಿಸುವ ಯೋಚನೆಗೆ ದೊಡ್ಡ ಗಲಾಟೆಯಾಗಿ ಅದನ್ನು ಕೈಬಿಟ್ಟರು. ಕಂಪನಿ ಬಂದ ಮಾತ್ರಕ್ಕೆ ಕೆಟ್ಟಿತು ಎಂದು ನಾನು ಹೇಳುವುದಿಲ್ಲ. ಸಂಬಳ ಪಡೆದು ಪೂರ್ತಿ ದಿನ ಕೆಲಸ ಮಾಡುವವರು ಸಿಗುವುದು ಸಣ್ಣ ಮಾತಲ್ಲ. ನಾನು ನೋಡುವುದು ಬೇರೆಯವರು ಬರೆದುಕೊಟ್ಟ ಕೋಡ್‌ನ ಹಕ್ಕು ಯಾರ ಕೈಯಲ್ಲಿದೆ ಎಂಬುದನ್ನು. ಒಬ್ಬರ ಕೈಗೇ ಸೇರಿದರೆ ಅವರು ನಾಳೆ ಲೈಸೆನ್ಸ್ ಬದಲಿಸಬಹುದು.

ನಾನು ಯಾರಿಂದಲೂ ಹಕ್ಕು ಬರೆಸಿಕೊಳ್ಳುವುದಿಲ್ಲ. ಇದಕ್ಕೂ ಬೆಲೆ ತೆತ್ತಿದ್ದೇನೆ. ಒಂದು ಕಂಪನಿ ಸೋರ್ಸ್ ಬಿಟ್ಟುಕೊಡದ ತನ್ನ ಕ್ಲೋಸ್ಡ್ ಸಾಫ್ಟ್‌ವೇರ್‌ನಲ್ಲಿ ಸೇರಿಸಲು ಬೇರೆ ಲೈಸೆನ್ಸ್ ಕೇಳಿತು, ಒಳ್ಳೆಯ ದುಡ್ಡನ್ನೇ ಹೇಳಿತು. ಹಕ್ಕು ಅವರವರದೇ ಆದ್ದರಿಂದ ಕೋಡ್ ಕೊಟ್ಟ ಎಲ್ಲರನ್ನೂ ಕೇಳಿದೆ. ಒಬ್ಬರು ಒಪ್ಪಲಿಲ್ಲ. ಮಾತುಕತೆ ಅಲ್ಲಿಗೇ ಮುಗಿಯಿತು.