ಒಕ್ಕೂಟದ ಅಕ್ಕಂದಿರೇ, ಸಹಿ ಹಾಕುವ ಮುಂಚೆ ಇದನ್ನು ಬರೆಸಿಕೊಳ್ಳಿ

ನಮ್ಮ ಕರಾವಳಿ ಕಡೆ ಸಂಜೀವಿನಿ ಒಕ್ಕೂಟಗಳು, ಅಂದರೆ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟಗಳು, ಗ್ರಾಮ ಪಂಚಾಯಿತಿ ಜೊತೆ ಸೇರಿ ಕಸದ ಗಾಡಿ ನಡೆಸುತ್ತಿವೆ, ಅಲ್ವಾ? ಒಳ್ಳೆ ಕೆಲಸ. ನಮ್ಮ ಹೆಣ್ಣುಮಕ್ಕಳಿಗೆ ಊರಲ್ಲೇ ಸಂಬಳ ಸಿಗುತ್ತದೆ. ಆದರೆ ಒಡಂಬಡಿಕೆ ಪತ್ರ ಪೂರ್ತಿ ಓದದೆ ಸಹಿ ಹಾಕಬೇಡಿ.

ನಾವು ಹಾಕಿದ್ದೆವು. ಜುಲೈ ಮಳೆಯಲ್ಲಿ ಗಾಡಿಯ ಬ್ಯಾಟರಿ ಹೋಯಿತು. ರಿಪೇರಿ ದುಡ್ಡು ಯಾರು ಕೊಡಬೇಕು ಅಂತ ಪತ್ರದಲ್ಲಿ ಇರಲೇ ಇಲ್ಲ. ಪಂಚಾಯಿತಿಯವರು ‘ನೀವೇ ಮಾಡಿಸಿ’ ಅಂದರು, ನಾವು ‘ಗಾಡಿ ನಿಮ್ಮದು’ ಅಂದೆವು. 18 ದಿನ ಗಾಡಿ ನಿಂತೇ ಇತ್ತು. ಮೀನು ಮಾರ್ಕೆಟ್ ಹತ್ತಿರ ಕಸದ ಚೀಲಗಳು ನೆಂದು ನಾರುತ್ತಿದ್ದವು. ಬೈಸಿಕೊಂಡದ್ದು ಪಾಪ, ಡ್ರೈವರ್ ಹುಡುಗಿ.

ಹಾಗಾಗಿ ಡೀಸೆಲ್, ರಿಪೇರಿ, ವಿಮೆ ಯಾರದ್ದು, ಮನೆಮನೆ ಶುಲ್ಕ ಯಾವ ಖಾತೆಗೆ, ಸಂಬಳ ಯಾವ ತಾರೀಖಿಗೆ, ಎಲ್ಲ ಬರೆಸಿ. ಪಂಚಾಯಿತಿ ಸಭೆಯಲ್ಲಿ ಠರಾವೂ ಆಗಲಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ವರ್ಗವಾಗಿ ಹೋದರೂ ಠರಾವು ಪುಸ್ತಕದಲ್ಲಿ ಉಳಿಯುತ್ತದೆ.

ತಿಂಗಳಿಗೊಮ್ಮೆ ಪಿಡಿಒ, ಅಧ್ಯಕ್ಷರು, ಒಕ್ಕೂಟದವರು ಕೂತು ಲೆಕ್ಕ ನೋಡಿ. ಡ್ರೈವರನ್ನೂ ಕರೆಯಿರಿ, ಸುಮ್ನೆ ಬಿಡಬೇಡಿ. ಯಾವ ಕೇರಿಯಲ್ಲಿ ಗಾಡಿ ತಿರುಗುವುದಿಲ್ಲ, ಯಾರು ಹಸಿಕಸ ಒಣಕಸ ಬೆರೆಸಿ ಕೊಡುತ್ತಾರೆ ಅನ್ನುವುದು ಎಲ್ಲರಿಗಿಂತ ಜಾಸ್ತಿ ಅವಳಿಗೇ ಗೊತ್ತು.