ಪ್ರಿನ್ಸ್ ರೂಪರ್ಟ್‌ಗೆ ಸಂಸಾರ ಸಮೇತ ಬರುವವರಿಗೆ

ಕೆನಡಾದ ಪ್ರಿನ್ಸ್ ರೂಪರ್ಟ್‌ನಲ್ಲಿ ಕೆಲಸ ಸಿಕ್ಕಿದೆ ಅಂತ ಫೋನ್ ಮಾಡುವವರು ಮೊದಲು ಕೇಳುವುದು ಚಳಿ ಎಷ್ಟು ಅಂತ. ಚಳಿ ಬಿಡಿ. ಚಳಿಗಾಲದಲ್ಲೂ ಹಗಲು ಹೊತ್ತು ಹೆಚ್ಚಾಗಿ ಸೊನ್ನೆಯ ಮೇಲೇ ಇರುತ್ತದೆ, ಸಮುದ್ರ ಪಕ್ಕದಲ್ಲೇ ಇದೆಯಲ್ಲ. ಕೇಳಬೇಕಾದ್ದು ಮಳೆಯ ಬಗ್ಗೆ. ವರ್ಷಕ್ಕೆ ಸುಮಾರು 2500 ಮಿಲಿಮೀಟರ್. ಮಲ್ಪೆಯಲ್ಲಿ ಹುಟ್ಟಿ ಬೆಳೆದ ನನಗೆ ಆ ಸಂಖ್ಯೆ ದೊಡ್ಡದೇನಲ್ಲ, ನಮ್ಮೂರಲ್ಲಿ ಅದಕ್ಕಿಂತ ಜಾಸ್ತಿ ಬೀಳುತ್ತದೆ. ಆದರೆ ನಮ್ಮಲ್ಲಿ ನಾಲ್ಕು ತಿಂಗಳು ಹೊಡೆದು ಸುಮ್ಮನಾಗುತ್ತದೆ. ಇಲ್ಲಿ ಹನ್ನೆರಡು ತಿಂಗಳೂ ಸುರಿಯುತ್ತಲೇ ಇರುತ್ತದೆ. ಅಕ್ಟೋಬರ್ ಬಂದರೆ ಕೇಳುವುದೇ ಬೇಡ.

ಊರು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವಾಯುವ್ಯ ಕರಾವಳಿಯಲ್ಲಿ, ಅಲಾಸ್ಕಾ ಗಡಿಗೆ ಹತ್ತಿರ, ಕೈಯೆನ್ ಎಂಬ ದ್ವೀಪದ ಮೇಲಿದೆ. ಸಿಮ್ಶಿಯಾನ್ ಎಂಬ ಮೂಲನಿವಾಸಿ ಜನರ ನೆಲ ಇದು. 2021ರ ಜನಗಣತಿಯಲ್ಲಿ 12 ಸಾವಿರ ಚಿಲ್ಲರೆ ಜನ. ಬಂದರಿನ ಕೆಲಸ, ಆಸ್ಪತ್ರೆ, ಶಾಲೆ, ಮೀನು, ಅಂಗಡಿ, ಇಷ್ಟರಲ್ಲೇ ಊರು ನಡೆಯುತ್ತದೆ. ನಾನು ಒಂದು ಔಷಧಿ ಅಂಗಡಿಯ ಕೌಂಟರ್‌ನಲ್ಲಿ ನಿಲ್ಲುವವಳು. ಊರಿನ ಅರ್ಧ ಜನರ ಕೆಮ್ಮು, ಕಾಲುನೋವು, ಮೊಮ್ಮಕ್ಕಳ ಸುದ್ದಿ ಎಲ್ಲಾ ನನ್ನ ಕಿವಿಗೆ ಬೀಳುತ್ತದೆ. ಹೊಸಬರು ಯಾವುದರಲ್ಲಿ ತಡಕಾಡುತ್ತಾರೆ ಅನ್ನುವುದೂ ಗೊತ್ತಾಗುತ್ತದೆ. ಅದನ್ನೇ ಬರೆಯುತ್ತಿದ್ದೇನೆ.

ಕೊಡೆ ತರಬೇಡಿ. ಇಲ್ಲಿ ಮಳೆ ಮೇಲಿಂದ ಬೀಳುವುದಕ್ಕಿಂತ ಪಕ್ಕದಿಂದ ಬರುವುದು ಹೆಚ್ಚು, ಗಾಳಿಗೆ ಕೊಡೆ ಮೊದಲ ವಾರವೇ ಮಗುಚಿಕೊಳ್ಳುತ್ತದೆ. ಕೊಡೆ ಹಿಡಿದವರನ್ನು ಕಂಡರೆ ಕ್ರೂಸ್ ಹಡಗಿಂದ ಇಳಿದವರು ಅಂತಲೇ ಲೆಕ್ಕ. ಟೋಪಿ ಇರುವ ಒಳ್ಳೆಯ ರೈನ್ ಜಾಕೆಟ್, ಮಳೆ ಪ್ಯಾಂಟ್, ಮೊಣಕಾಲವರೆಗಿನ ರಬ್ಬರ್ ಬೂಟು, ಇಷ್ಟಕ್ಕೆ ದುಡ್ಡು ಹಾಕಿ. ದಪ್ಪ ಹತ್ತಿ ಬಟ್ಟೆ, ಜೀನ್ಸ್ ಒದ್ದೆಯಾದರೆ ಒಣಗುವುದಿಲ್ಲ. ಒಳಗೆ ಉಣ್ಣೆ ಹಾಕಿ, ಮೇಲೆ ಜಾಕೆಟ್. ಮಳೆ ನಿಂತ ಮೇಲೆ ಹೊರಗೆ ಹೋಗೋಣ ಅಂತ ಕಾದರೆ ಮನೆಯಲ್ಲೇ ಕೂರಬೇಕಾಗುತ್ತದೆ. ಇಲ್ಲಿನ ಮಕ್ಕಳು ಮಳೆಯಲ್ಲೇ ಆಡುತ್ತವೆ, ನಿಮ್ಮವೂ ಆಡಲಿ ಬಿಡಿ.

ಬಾಡಿಗೆ ಮನೆ ನೋಡುವಾಗ ಅಡುಗೆಮನೆ ಚೆಂದ ಇದೆಯಾ ಅಂತ ಆಮೇಲೆ ನೋಡಿ. ಮೊದಲು ಮೂಗಿಗೆ ಕೆಲಸ ಕೊಡಿ. ಬಾಗಿಲು ತೆರೆದ ಕೂಡಲೇ ಮುಗ್ಗಲು ವಾಸನೆ ಬಂದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಹೊರಗೋಡೆಗೆ ತಾಗಿಕೊಂಡಿರುವ ಬಟ್ಟೆ ಕಪಾಟು ತೆರೆಯಿರಿ, ಕೈ ಒಳಗೆ ಹಾಕಿ ಹಿಂದಿನ ಗೋಡೆಯ ಕೆಳಮೂಲೆ ಮುಟ್ಟಿ. ತಣ್ಣಗೆ, ತೇವ ಇದ್ದರೆ, ಬೆರಳಿಗೆ ಕಪ್ಪು ಹತ್ತಿದರೆ, ನಿಮ್ಮ ರೇಷ್ಮೆ ಸೀರೆಗಳಿಗೆ ಅಲ್ಲಿ ಜಾಗ ಇಲ್ಲ. ಕಿಟಕಿ ಚೌಕಟ್ಟಿನ ಕೆಳಗೆ, ಸ್ನಾನದ ಮನೆಯ ಮೇಲ್ಛಾವಣಿಯಲ್ಲೂ ನೋಡಿ. ಬೇಸ್‌ಮೆಂಟ್ ಮನೆಗಳು ಬಾಡಿಗೆಗೆ ಸುಲಭವಾಗಿ ಸಿಗುತ್ತವೆ, ತೇವವೂ ಅಲ್ಲೇ ಹೆಚ್ಚು. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇದೆಯಾ, ಕರೆಂಟ್ ಬಿಲ್ ಯಾರದು ಅಂತ ಕೇಳಿಯೇ ಸಹಿ ಹಾಕಿ. ಆ ಯಂತ್ರದ ಬಕೆಟ್ ಎಷ್ಟು ಬೇಗ ತುಂಬುತ್ತದೆ ಅಂತ ನೋಡಿದರೆ ನಂಬುವುದಿಲ್ಲ ನೀವು. ನಾವು ಅಡುಗೆ ಮಾಡುವವರು ಬೇರೆ: ಅನ್ನ, ಸಾರು, ಕುಕ್ಕರ್ ಹಬೆ. ಒಲೆ ಮೇಲಿನ ಫ್ಯಾನ್ ಗಾಳಿಯನ್ನು ಹೊರಗೆ ಬಿಡುತ್ತದಾ ಅಥವಾ ಅಲ್ಲೇ ಸುತ್ತಿಸುತ್ತದಾ ಅಂತ ಪರೀಕ್ಷೆ ಮಾಡಿ.

ನೀರಿನ ಬಗ್ಗೆ ಒಂದು ಮಾತು. ಊರಿನ ಪೈಪುಗಳು ಹಳೆಯವು. 2022ರ ಡಿಸೆಂಬರ್‌ನಲ್ಲಿ ಸಾಲಾಗಿ ಪೈಪು ಒಡೆದು ನಗರಸಭೆ ತುರ್ತು ಪರಿಸ್ಥಿತಿ ಘೋಷಿಸಿತ್ತು. ಈಗ ಬದಲಾಯಿಸುವ ಕೆಲಸಕ್ಕೆ ದೊಡ್ಡ ಮೊತ್ತ ಮಂಜೂರಾಗಿದೆ. ಆದರೂ ನೀರು ಕುದಿಸಿ ಕುಡಿಯಿರಿ ಅನ್ನುವ ಸೂಚನೆ ಬಂದರೆ ಗಾಬರಿ ಬೇಡ. ನಮಗೆ ಅದೇನು ಹೊಸದಾ? ಒಂದೆರಡು ಕ್ಯಾನ್ ನೀರು ಮನೆಯಲ್ಲಿ ಇಟ್ಟಿರಿ, ಅಷ್ಟೆ.

ಈಗ ಮೀನು. ಇದರ ಬಗ್ಗೆ ಉದ್ದ ಬರೆಯುತ್ತೇನೆ, ಬೇಡವಾದವರು ಮುಂದಕ್ಕೆ ಹೋಗಿ.

ಕೌ ಬೇ ಅಂತ ಹಳೆ ದಕ್ಕೆಯ ಭಾಗ ಒಂದಿದೆ. ಊರು ಶುರುವಾದ ಕಾಲದಲ್ಲಿ ಹೈನುಗಾರನೊಬ್ಬ ಹಸುಗಳನ್ನು ಹಡಗಲ್ಲಿ ತಂದ. ಇಳಿಸಲು ದಕ್ಕೆಯೇ ಇರಲಿಲ್ಲ. ಹಸುಗಳನ್ನು ನೀರಿಗಿಳಿಸಿ ಈಜಿಸಿಕೊಂಡು ದಡ ಸೇರಿಸಿದನಂತೆ. ಆ ನೆನಪಿಗೆ ಈಗಲೂ ಅಲ್ಲಿನ ಕಂಬ, ಕಸದ ಡಬ್ಬಿಗಳಿಗೆ ಹಸುವಿನ ಮೈಯಂತೆ ಕಪ್ಪು ಬಿಳಿ ಮಚ್ಚೆ ಬಳಿದಿದ್ದಾರೆ. ಕಾಫಿ ಅಂಗಡಿಯ ಹೆಸರೂ ಕೌಪುಚೀನೋಸ್. ಮೀನು ಬೇಕಾದರೆ ಅಲ್ಲೇ ಡಾಲೀಸ್ ಫಿಶ್ ಮಾರ್ಕೆಟ್‌ಗೆ ಹೋಗಿ. ಕೆಲವು ಬೋಟಿನವರು ದಕ್ಕೆಯಲ್ಲೇ ನೇರವಾಗಿ ಮಾರುವುದೂ ಉಂಟು. ಆದರೆ ಮಾರಲು ಪರವಾನಗಿ ಇರಬೇಕು. ಹವ್ಯಾಸಕ್ಕೆ ಹಿಡಿದ ಮೀನನ್ನು ಮಾರುವುದೂ ತಪ್ಪು, ಕೊಳ್ಳುವುದೂ ತಪ್ಪು. ಯಾರೋ ಕಡಿಮೆ ರೇಟಿಗೆ ಮನೆ ಬಾಗಿಲಿಗೇ ತಂದರೆ ನಗುತ್ತಾ ಬೇಡ ಅನ್ನಿ. ಸುಮ್ಮನೆ ಕೊಟ್ಟರೆ ಮಾತ್ರ ಎರಡೂ ಕೈಯಲ್ಲಿ ತಗೊಳ್ಳಿ.

ಮಲ್ಪೆಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ರಜೆ. ಇಲ್ಲಿ ಹಾಗೆ ಎಲ್ಲಕ್ಕೂ ಒಂದೇ ರಜೆ ಇಲ್ಲ. ಒಂದೊಂದು ಮೀನಿಗೆ ಒಂದೊಂದು ಕಾಲ, ಅದನ್ನು ಕೇಂದ್ರ ಸರ್ಕಾರದ ಮೀನುಗಾರಿಕೆ ಇಲಾಖೆ ತೆರೆಯುತ್ತದೆ, ಮುಚ್ಚುತ್ತದೆ. ಹ್ಯಾಲಿಬಟ್ ಮಾರ್ಚ್ ಹೊತ್ತಿಗೆ ಶುರು. ಸ್ಪಾಟ್ ಪ್ರಾನ್ ಎಂಬ ಸಿಹಿ ಸಿಗಡಿ ಮೇ ತಿಂಗಳಲ್ಲಿ ಶುರುವಾಗಿ ಕೆಲವೇ ವಾರ. ಸಾಕೈ ಸಾಲ್ಮನ್ ಬೇಸಿಗೆಯಲ್ಲಿ ಸ್ಕೀನಾ ನದಿ ಹುಡುಕಿಕೊಂಡು ಬರುತ್ತದೆ. ಅಂಗಡಿಯಲ್ಲಿ ಯಾವ ಮೀನು ಒಳ್ಳೆಯದು ಅಂತ ಕೇಳಬೇಡಿ, ಎಲ್ಲಾ ಒಳ್ಳೆಯದೇ ಅನ್ನುತ್ತಾರೆ. ಈ ವಾರ ಬೋಟಿಂದ ಇಳಿದದ್ದು ಯಾವುದು, ಫ್ರೀಜ್ ಮಾಡಿ ಕರಗಿಸಿದ್ದು ಯಾವುದು ಅಂತ ಕೇಳಿ.

ಹ್ಯಾಲಿಬಟ್ ನಮ್ಮ ನಂಗ್ ಮೀನಿನ ಅಣ್ಣ ಇದ್ದ ಹಾಗೆ: ಚಪ್ಪಟೆ, ಎರಡೂ ಕಣ್ಣು ಒಂದೇ ಬದಿಗೆ. ಗಾತ್ರ ಮಾತ್ರ ಬಾಗಿಲಷ್ಟಾಗಬಹುದು. ಬಿಳಿ ಮಾಂಸ, ಮುಳ್ಳಿನ ಕಾಟ ಇಲ್ಲ, ಕೊಬ್ಬೂ ಇಲ್ಲ. ಹಾಗಾಗಿ ಜಾಸ್ತಿ ಬೇಯಿಸಿದರೆ ಹತ್ತಿಯಂತೆ ಒಣಗುತ್ತದೆ. ಗಸಿ ಮಾಡುವಾಗ ಮಸಾಲೆ ಪೂರ್ತಿ ಕುದಿಸಿ, ಹುಳಿ ಉಪ್ಪು ಸರಿ ಮಾಡಿ, ಕೊನೆಗೆ ತುಂಡು ಬಿಡಿ. ಒಂದು ಕುದಿ ಬಂದ ಕೂಡಲೇ ಒಲೆ ಆರಿಸಿ ಮುಚ್ಚಳ ಹಾಕಿ. ಉಳಿದದ್ದು ಆ ಬಿಸಿಯಲ್ಲೇ ಬೇಯುತ್ತದೆ. ಸೌಟು ಹಾಕಿ ತಿರುಗಿಸಬೇಡಿ, ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ. ಸಾಲ್ಮನ್ ಇದಕ್ಕೆ ಉಲ್ಟಾ, ಬಂಗುಡೆಯಷ್ಟೇ ಎಣ್ಣೆ ಇರುವ ಮೀನು. ತೆಂಗಿನಕಾಯಿ ಗಸಿಗೆ ಹಾಕಿದರೆ ಭಾರ ಆಗುತ್ತದೆ. ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿ ಅರೆದು ಪುಳಿಮುಂಚಿ ಮಾಡಿ, ಇಲ್ಲ ತವಾಕ್ಕೆ ಹಾಕಿ. ಎಣ್ಣೆ ಸವರಿದರೆ ಸಾಕು, ಚರ್ಮದ ಬದಿ ಮೊದಲು ಕೆಳಗೆ. ಇನ್ನು, ಇಲ್ಲಿ ಹೆಚ್ಚಿನವರಿಗೆ ಬರೀ ಫಿಲೆ, ಅಂದರೆ ಮುಳ್ಳು ತೆಗೆದ ಮಾಂಸದ ತುಂಡು, ಬೇಕು. ತಲೆ, ನಡುಮುಳ್ಳು ಬೇಕು ಅಂತ ಮೊದಲೇ ಹೇಳಿಟ್ಟರೆ ತೆಗೆದಿಡುತ್ತಾರೆ, ತುಂಬಾ ಅಗ್ಗ. ಸಾಲ್ಮನ್ ತಲೆ ಸಾರು ಒಮ್ಮೆ ಮಾಡಿ ನೋಡಿ, ಆಮೇಲೆ ಮಾತಾಡೋಣ.

ದಡದಲ್ಲಿ ಮರುವಾಯಿ ಕಂಡರೆ ಕೈ ತುರಿಸುತ್ತದೆ, ನನಗೆ ಗೊತ್ತು. ಆದರೆ ನೀವೇ ಹೆಕ್ಕಲು ಹೋಗಬೇಡಿ. ಈ ಕರಾವಳಿಯಲ್ಲಿ ಒಂದು ಜಾತಿಯ ಪಾಚಿಯಿಂದ ಚಿಪ್ಪುಮೀನಿಗೆ ವಿಷ ಸೇರುತ್ತದೆ. ತಿಂದರೆ ತುಟಿ ಜುಮ್ಮೆನ್ನುವುದರಿಂದ ಶುರುವಾಗಿ ಉಸಿರಾಟವೇ ನಿಲ್ಲಬಹುದು. ಕುದಿಸಿದರೂ ಆ ವಿಷ ಹೋಗುವುದಿಲ್ಲ, ಫ್ರೀಜರ್‌ನಲ್ಲಿಟ್ಟರೂ ಹೋಗುವುದಿಲ್ಲ. ನೋಡಿದರೆ, ಮೂಸಿದರೆ ಗೊತ್ತಾಗುವುದೂ ಇಲ್ಲ. ಎಲ್ಲಿ ಮುಚ್ಚಿದ್ದಾರೆ, ಎಲ್ಲಿ ತೆರೆದಿದ್ದಾರೆ ಅಂತ ಇಲಾಖೆ ಪ್ರಕಟಿಸುತ್ತದೆ. ಅದನ್ನು ಓದಿ ಲೈಸೆನ್ಸ್ ಮಾಡಿಸಿಕೊಂಡವರು ಮಾತ್ರ ಹೋಗಬೇಕು. ಉಳಿದವರಿಗೆ ಅಂಗಡಿ ಇದೆ. ಗಾಳ ಹಾಕುವುದಾದರೂ ಲೈಸೆನ್ಸ್ ಬೇಕೇ ಬೇಕು, ಆನ್‌ಲೈನ್‌ನಲ್ಲೇ ಸಿಗುತ್ತದೆ. ಉಬ್ಬರ ಇಳಿತದ ವ್ಯತ್ಯಾಸ ಇಲ್ಲಿ 7 ಮೀಟರ್‌ವರೆಗೆ ಹೋಗುತ್ತದೆ. ನಮ್ಮ ಕಡಲಿನ ಅಂದಾಜಿನಲ್ಲಿ ಬಂಡೆ ಮೇಲೆ ಕೂತರೆ ವಾಪಸು ಬರುವ ದಾರಿ ಮುಳುಗಿರುತ್ತದೆ. ಹೊರಡುವ ಮೊದಲು ಇಳಿತದ ಹೊತ್ತು ನೋಡಿಕೊಳ್ಳಿ.

ಬಾಟಲಿಯಲ್ಲಿ ಹಾಕಿ ಬೇಯಿಸಿದ ಸಾಲ್ಮನ್ ಯಾರಾದರೂ ಕೊಟ್ಟರೆ, ಬಾಟಲಿ ತೊಳೆದು ವಾಪಸು ಕೊಡುವುದು ಮರೆಯಬೇಡಿ. ಸುತ್ತು ಮುಚ್ಚಳ ಸಮೇತ. ಸಾಧ್ಯವಾದರೆ ಖಾಲಿ ಕೊಡಬೇಡಿ, ನಿಂಬೆ ಉಪ್ಪಿನಕಾಯಿ ತುಂಬಿಸಿ. ನಮ್ಮ ಬೀದಿಯ ಒಬ್ಬ ಅಜ್ಜಿ ಈಗ ಸಾಲ್ಮನ್ ಜೊತೆ ಅದನ್ನೇ ತಿನ್ನುತ್ತಾರೆ.

ದಿನಸಿಗೆ ಸೇವ್ ಆನ್ ಫುಡ್ಸ್, ಸೇಫ್‌ವೇ ಇವೆ. ಅಕ್ಕಿ, ಬೇಳೆ, ಹಿಟ್ಟು ಸಿಗುತ್ತವೆ. ಮೀನಿನ ಕಾರ್ಖಾನೆ ಕೆಲಸಕ್ಕೆ ಬಂದ ಪಂಜಾಬಿ ಕುಟುಂಬಗಳು ಎಷ್ಟೋ ಕಾಲದಿಂದ ಇಲ್ಲಿವೆ. ಕುಚ್ಚಲಕ್ಕಿ, ಬ್ಯಾಡಗಿ, ಪುನರ್ಪುಳಿ ಮಾತ್ರ ಸಿಗುವುದಿಲ್ಲ, ವ್ಯಾಂಕೂವರ್ ಕಡೆ ಹೋದವರ ಕೈಯಲ್ಲಿ ತರಿಸಬೇಕು. ಸೊಪ್ಪು ತರಕಾರಿ ಲಾರಿಯಲ್ಲಿ ಬರುವುದು. ಹೆದ್ದಾರಿ 16 ಒಂದೇ ದಾರಿ, ಚಳಿಗಾಲದಲ್ಲಿ ಹಿಮ ಕುಸಿದರೆ, ಮಳೆಗೆ ಗುಡ್ಡ ಜಾರಿದರೆ ಮುಚ್ಚುತ್ತದೆ. ಆಗ ಹಾಲು, ಸೊಪ್ಪಿನ ಶೆಲ್ಫ್ ಖಾಲಿ. ತರಕಾರಿ ಜೋಡಿಸುವ ಹುಡುಗರ ಹತ್ತಿರ ಲಾರಿ ಯಾವ ದಿನ ಬರುತ್ತದೆ ಅಂತ ಕೇಳಿಟ್ಟುಕೊಳ್ಳಿ, ಅದರ ಮರುದಿನ ಹೋಗಿ. ಕೊತ್ತಂಬರಿ ಹಿತ್ತಿಲಲ್ಲಿ ಹಾಕುತ್ತೇನೆ ಅನ್ನುವವರಿಗೆ: ಜಿಂಕೆಗಳು ಊರೊಳಗೇ ಓಡಾಡುತ್ತವೆ. ಕಿಟಕಿ ಒಳಗಡೆ ಕುಂಡದಲ್ಲಿ ಹಾಕಿ. ಸಣ್ಣ ಅಂಗಡಿ, ಹೋಟೆಲುಗಳು ಪ್ರವಾಸಿಗರ ಸೀಸನ್ ಮುಗಿದರೆ ಬೇಗ ಮುಚ್ಚುತ್ತವೆ, ಕೆಲವು ಭಾನುವಾರ, ಸೋಮವಾರ ತೆರೆಯುವುದೇ ಇಲ್ಲ. ಫೋನ್ ಮಾಡಿ ಹೋಗಿ.

ಆರೋಗ್ಯದ ವಿಷಯ ನನ್ನ ಕೌಂಟರಿಂದ. ಸರ್ಕಾರಿ ವಿಮೆ ಎಂಎಸ್‌ಪಿಗೆ ಬಂದ ದಿನವೇ ಅರ್ಜಿ ಹಾಕಿ. ಬಂದ ತಿಂಗಳು ಮುಗಿದು ಇನ್ನೂ ಎರಡು ತಿಂಗಳು ಕಾಯಬೇಕು, ಅಷ್ಟು ದಿನಕ್ಕೆ ಖಾಸಗಿ ವಿಮೆ ಇರಲಿ. ಕಾಯಂ ಡಾಕ್ಟರ್ ಸಿಗುವುದು ತಡವಾಗಬಹುದು. ಆದರೆ 2023ರ ಜೂನ್‌ನಿಂದ ಈ ಪ್ರಾಂತ್ಯದಲ್ಲಿ ಸಣ್ಣಪುಟ್ಟ ತೊಂದರೆಗಳಿಗೆ ಫಾರ್ಮಸಿಸ್ಟೇ ಔಷಧಿ ಬರೆದು ಕೊಡಬಹುದು. ಕಣ್ಣು ಕೆಂಪಾಗುವುದು, ಅಲರ್ಜಿ, ಹೆಂಗಸರ ಉರಿಮೂತ್ರದಂಥವು. ಇದು ಗೊತ್ತಿಲ್ಲದೆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಗಂಟೆಗಟ್ಟಲೆ ಕೂರುವವರು ಬಹಳ. ರಾತ್ರಿ ಸಂದೇಹ ಬಂದರೆ 811ಕ್ಕೆ ಫೋನ್ ಮಾಡಿ, ನರ್ಸ್ ಮಾತಾಡುತ್ತಾರೆ. ಬಿಸಿಲು ಕಡಿಮೆ ಇರುವ ಊರು, ವಿಟಮಿನ್ ಡಿ ಬಗ್ಗೆಯೂ ಒಮ್ಮೆ ಕೇಳಿ.

ವಿಮಾನ ನಿಲ್ದಾಣ ಊರಲ್ಲಿ ಇಲ್ಲ. ಎದುರಿನ ಡಿಗ್ಬಿ ದ್ವೀಪದಲ್ಲಿದೆ, ಸೇತುವೆ ಇಲ್ಲ. ಪೇಟೆಯಿಂದ ಬಸ್ಸು ಹೊರಟು, ಬಸ್ಸೇ ಫೆರಿ ಹತ್ತಿ ಆಚೆ ದಡ ಸೇರುತ್ತದೆ. ಹಾಗಾಗಿ ವಿಮಾನದ ಸಮಯಕ್ಕಿಂತ ಬಸ್ಸಿನ ಸಮಯ ಮುಖ್ಯ, ಅದು ಸುಮಾರು ಎರಡು ಗಂಟೆ ಮುಂಚೆ. ಬಸ್ಸು ತಪ್ಪಿದರೆ ವಿಮಾನ ಕಣ್ಣೆದುರೇ ಹಾರಿ ಹೋಗುತ್ತದೆ. ಮಂಜು ಕವಿದರೆ ವಿಮಾನ ಇಳಿಯುವುದೂ ಇಲ್ಲ, ವ್ಯಾಂಕೂವರ್‌ಗೆ ವಾಪಸು. ಊರಿಗೆ ಹೋಗುವಾಗ ಬೆಂಗಳೂರಿನ ಟಿಕೆಟ್ಟಿಗೂ ಇಲ್ಲಿನ ವಿಮಾನಕ್ಕೂ ನಡುವೆ ಒಂದು ರಾತ್ರಿ ಬಿಟ್ಟುಕೊಳ್ಳಿ. ರೈಲು ವಾರಕ್ಕೆ ಮೂರು ದಿನ ಜಾಸ್ಪರ್‌ವರೆಗೆ ಹೋಗುತ್ತದೆ, ಎರಡು ದಿನದ ಪ್ರಯಾಣ, ನಡುವೆ ಪ್ರಿನ್ಸ್ ಜಾರ್ಜ್‌ನಲ್ಲಿ ಇಳಿದು ಮಲಗಬೇಕು. ಅವಸರಕ್ಕಲ್ಲ, ಖುಷಿಗೆ.

ಫೆಬ್ರವರಿಯಲ್ಲಿ ನೆಂಟರನ್ನು ಕರೆಯುವುದಾದರೆ ಕೇಳಿ ಕರೆಯಿರಿ. ಆಗ ಆಲ್ ನೇಟಿವ್ ಬಾಸ್ಕೆಟ್‌ಬಾಲ್ ಪಂದ್ಯ. 1960ರಲ್ಲಿ ಶುರುವಾದದ್ದು. ಕರಾವಳಿಯ ಮೂಲನಿವಾಸಿ ಊರುಗಳೆಲ್ಲ ತಮ್ಮ ತಂಡ ಕಟ್ಟಿಕೊಂಡು ಬರುತ್ತವೆ, ಒಂದು ವಾರ ಹೋಟೆಲ್ ರೂಮು ಸಿಗುವುದಿಲ್ಲ. ನೀವಂತೂ ಟಿಕೆಟ್ ತಗೊಂಡು ಹೋಗಿ. ವರ್ಷವಿಡೀ ಅಂಗಡಿಯಲ್ಲಿ ಮೆಲ್ಲಗೆ ಮಾತಾಡುವ ಅಜ್ಜಂದಿರು ಅಲ್ಲಿ ರೆಫ್ರಿಗೆ ಕೂಗುವುದನ್ನು ನೋಡಬೇಕು.

ದೊಡ್ಡ ಸಾಮಾನಿಗೆ ಟೆರೇಸ್ ಪಟ್ಟಣಕ್ಕೆ ಹೋಗುತ್ತಾರೆ, ಹತ್ತಿರ ಹತ್ತಿರ 145 ಕಿಲೋಮೀಟರ್, ಸ್ಕೀನಾ ನದಿಯ ಪಕ್ಕದಲ್ಲೇ ದಾರಿ. ಅಕ್ಟೋಬರ್ 1ರಿಂದ ಚಳಿಗಾಲದ ಟೈರ್ ಕಡ್ಡಾಯ. ಡ್ರೈವ್ ಬಿ.ಸಿ. (DriveBC) ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ರಸ್ತೆ ಸ್ಥಿತಿ ನೋಡಿ, ಪೆಟ್ರೋಲ್ ತುಂಬಿಸಿ, ಕಂಬಳಿ, ನೀರು, ಟಾರ್ಚ್ ಇಟ್ಟುಕೊಂಡು ಹೊರಡಿ. ಕಾರಿಲ್ಲದವರು ಕೈ ಅಡ್ಡ ಹಾಕಿ ಯಾರದ್ದೋ ಗಾಡಿ ಹತ್ತಬೇಡಿ. ಈ ಹೆದ್ದಾರಿಯಲ್ಲಿ ಕಾಣೆಯಾದ, ಕೊಲೆಯಾದ ಹೆಣ್ಣುಮಕ್ಕಳ ಕಥೆ ದೊಡ್ಡದು, ಬಹುಪಾಲು ಮೂಲನಿವಾಸಿ ಹುಡುಗಿಯರು. ಬಿ.ಸಿ. ಬಸ್ ನಾರ್ತ್ (BC Bus North) ಅಂತ ಬಸ್ಸಿದೆ, ಮೊದಲೇ ಸೀಟು ಕಾದಿರಿಸಿ. ಮತ್ತೆ, ಕಾರಲ್ಲಿ ಹೊರಡುವ ಹಿಂದಿನ ದಿನ ಅಕ್ಕಪಕ್ಕದವರಿಗೆ ಏನಾದರೂ ಬೇಕಾ ಅಂತ ಕೇಳಿ. ಅವರು ಹೋಗುವಾಗ ನಿಮ್ಮನ್ನೂ ಕೇಳುತ್ತಾರೆ. ಅಕ್ಕಿ ಚೀಲದ ಬ್ರ್ಯಾಂಡಿನ ಫೋಟೋ ಕಳಿಸಿಬಿಡಿ, ಬಾಯಲ್ಲಿ ಹೇಳಿದರೆ ಬೇರೆ ಯಾವುದೋ ತರುತ್ತಾರೆ.